ಅನ್ಯರನ್ನು ಮನ್ನಿಸುವುದು, ತನ್ನನ್ನು ಮನ್ನಿಸಿಕೊಳ್ಳುವುದು

ಯೇಸುಸ್ವಾಮಿ ತಮ್ಮ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ನಾವು ದಿನಕ್ಕೆ ಎಷ್ಟು ಸಲ ಹೇಳುತ್ತೇವೆಂಬುದಕ್ಕೆ ಲೆಕ್ಕವಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಒಮ್ಮೆ, ಬಲಿಪೂಜೆಯಲ್ಲಿ ಒಮ್ಮೆ, ಸಂಜೆಯ ಜಪಮಾಲೆಯಲ್ಲಿ ಐದಾರು ಸಲ ಅದು ನಮ್ಮ ನಾಲಿಗೆಯ ಮೇಲೆ ಬರುತ್ತದೆ. ಆ ಪ್ರಾರ್ಥನೆಯಲ್ಲಿ ಅನ್ನವನ್ನು ಬೇಡುವಾಗ ನಾವು ಯಾವ ಷರತ್ತನ್ನೂ ಹಾಕಿಕೊಳ್ಳುವುದಿಲ್ಲ. ಕೇಡಿನಿಂದ ಬಿಡುಗಡೆ ಬೇಡುವಾಗಲೂ ಇಲ್ಲ. ಕ್ಷಮೆಯನ್ನು ಬೇಡುವಾಗ ಮಾತ್ರ ನಾವೇ ಒಂದು ಅಳತೆಗೋಲನ್ನು ದೇವರ ಕೈಗೆ ಒಪ್ಪಿಸುತ್ತೇವೆ. ನಾವು ಇತರರಿಗೆ ಅಳೆದಂತೆಯೇ ನಮಗೂ ಅಳೆಯಬೇಕೆಂದು ಕೇಳಿಕೊಳ್ಳುತ್ತೇವೆ. ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಾರ್ಥನೆ ಮುಗಿದೊಡನೆ ಯೇಸು ಮರಳಿ ವಿವರಿಸುವುದೂ ಈ ಒಂದು ಬೇಡಿಕೆಯನ್ನೇ. ಶಿಷ್ಯರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಗುವುದೆಂದು ಅವರಿಗೆ ತಿಳಿದಿದ್ದಿರಬೇಕು.

ಕಷ್ಟವೆಂಬುದಕ್ಕೆ ನಮ್ಮ ಧರ್ಮಕೇಂದ್ರಗಳೇ ಸಾಕ್ಷಿ. ಹತ್ತು ಗುಂಟೆ ಜಮೀನಿನ ಪಾಲಿಗಾಗಿ ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ಪೂಜೆಗೆ ಬಂದು, ಒಬ್ಬನು ಎಡಬಾಗಿಲಿನಿಂದಲೂ ಇನ್ನೊಬ್ಬನು ಬಲಬಾಗಿಲಿನಿಂದಲೂ ಹೊರಹೋಗುವುದನ್ನು ಕಾಣದ ದೇವಾಲಯ ಯಾವುದಿದೆ? ಮಗಳ ಮದುವೆಗೆ ಕರೆಯಲಿಲ್ಲವೆಂಬ ಕಾರಣಕ್ಕೆ ಹದಿನೈದು ವರ್ಷ ಮಾತು ಬಿಟ್ಟ ಅಕ್ಕತಂಗಿಯರಿದ್ದಾರೆ. ಇವರ ಮುನಿಸು ಊರಿಗೆಲ್ಲ ಕಾಣುತ್ತದೆ.

ಯಾರಿಗೂ ಕಾಣದ ಇನ್ನೊಂದು ಬಗೆಯ ಮುನಿಸಿದೆ. ಅದು ತನ್ನ ಮೇಲೆಯೇ ತನಗಿರುವ ಮುನಿಸು. ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದು ತಂದೆಯ ಕೊನೆಯುಸಿರಿನ ಹೊತ್ತಿಗೆ ಬಂದು ತಲುಪಲಾರದ ಮಗ, ಒಂದು ದಿನ ಮೊದಲೇ ಆಸ್ಪತ್ರೆಗೆ ಒಯ್ದಿದ್ದರೆ ಕೂಸು ಉಳಿಯುತ್ತಿತ್ತೇನೋ ಎಂದು ಪ್ರತಿ ರಾತ್ರಿ ನೆನೆಯುವ ತಾಯಿ, ಕುಡಿತವನ್ನು ಬಿಟ್ಟು ಇಪ್ಪತ್ತು ವರ್ಷಗಳಾದರೂ ಹೆಂಡತಿಯ ಮುಖವನ್ನು ನೇರವಾಗಿ ನೋಡಲಾರದ ಗಂಡ, ಎಂದೋ ಒಪ್ಪಿಕೊಂಡು ಕ್ಷಮೆ ಪಡೆದ ಪಾಪವನ್ನೇ ವರ್ಷವರ್ಷವೂ ಪಾಪನಿವೇದನೆಯಲ್ಲಿ ಮತ್ತೆ ಹೇಳುವ ವೃದ್ಧೆ, ಇವರೆಲ್ಲರೂ ಲೋಕವನ್ನೆಲ್ಲ ಮನ್ನಿಸಬಲ್ಲರು. ತಮ್ಮನ್ನು ಮಾತ್ರ ಮನ್ನಿಸಿಕೊಳ್ಳಲಾರರು. ಈ ಎರಡು ಬಗೆಯ ಮುನಿಸಿಗೂ ಔಷಧ ಒಂದೇ ಎಂಬುದು ಈ ವಾರ ನಾವು ಓದುಗರ ಮುಂದಿಡಬಯಸುವ ವಿಚಾರ.

ಶಬ್ದದೊಳಗಿನ ಅರ್ಥ

ಶುಭಸಂದೇಶದ ಗ್ರೀಕ್ ಮೂಲದಲ್ಲಿ ಸಂತ ಮತ್ತಾಯರು ಪಾಪವನ್ನು ಸೂಚಿಸಲು ಈ ಪ್ರಾರ್ಥನೆಯಲ್ಲಿ ಬಳಸಿರುವ ಶಬ್ದಕ್ಕೆ 'ಸಾಲ' ಎಂದು ಅರ್ಥ. ಕ್ಷಮಿಸು ಎಂಬುದಕ್ಕೆ ಬಳಸಿರುವ ಕ್ರಿಯಾಪದಕ್ಕೆ 'ಬಿಟ್ಟುಬಿಡು' ಎಂದು ಅರ್ಥ. ಗಲಿಲೇಯ ಸರೋವರದ ದಡದಲ್ಲಿ ಪೇತ್ರನೂ ಅಂದ್ರೆಯನೂ ತಮ್ಮ ಬಲೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದರೆಂದು ಹೇಳುವಲ್ಲಿಯೂ ಅದೇ ಕ್ರಿಯಾಪದವಿದೆ. ಆದುದರಿಂದ ಕ್ಷಮಿಸುವವನು ಮೊದಲು ಮಾಡುವ ಕೆಲಸ ಕೈಯಲ್ಲಿ ಬಿಗಿಯಾಗಿ ಹಿಡಿದಿರುವ ಲೆಕ್ಕದ ಪುಸ್ತಕವನ್ನು ಕೆಳಗಿಡುವುದು.

ನಮ್ಮ ಕನ್ನಡದ ಶಬ್ದವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 'ಮನ್ನಿಸು' ಎಂಬ ಪದಕ್ಕೆ ಕ್ಷಮಿಸು ಎಂಬ ಅರ್ಥವಿರುವಂತೆಯೇ ಗೌರವಿಸು ಎಂಬ ಅರ್ಥವೂ ಇದೆ. ಮನ್ನಣೆ ಎಂಬುದು ಅದಕ್ಕೆ ಸೇರಿದ ಮಾತೇ. ಬ್ಯಾಂಕು ಸಾಲವನ್ನು ಮನ್ನಾ ಮಾಡಿದಾಗ ಸಾಲ ಹೋಗುತ್ತದೆ, ಆದರೆ ಸಾಲಗಾರನನ್ನು ಯಾರೂ ಮನೆಗೆ ಕರೆದು ಮಣೆ ಹಾಕುವುದಿಲ್ಲ. ಮನ್ನಿಸುವವನಾದರೋ ಸಾಲವನ್ನು ಬಿಟ್ಟು, ಸಾಲಗಾರನಿಗೆ ಮನುಷ್ಯನೆಂಬ ಮನ್ನಣೆಯನ್ನು ಮರಳಿ ಕೊಡುತ್ತಾನೆ. 'ನೀನು ಮಾಡಿದ ಕೃತ್ಯಕ್ಕಿಂತ ನೀನು ದೊಡ್ಡವನು' ಎಂದು ಹೇಳುವುದೇ ಮನ್ನಿಸುವುದರ ತಿರುಳು.

ಸಾಲಕ್ಕೆ ಬಲಿಯಾದ ಧರ್ಮಭಗಿನಿ

ಇದು ಬರಿಯ ಶಬ್ದಾರ್ಥವಿಚಾರವಲ್ಲವೆಂಬುದನ್ನು ತೋರಿಸಿಕೊಟ್ಟ ಒಂದು ಭಾರತೀಯ ಕುಟುಂಬವಿದೆ. ಕೇರಳದ ಎರ್ನಾಕುಲಂ ಜಿಲ್ಲೆಯ ಪುಲ್ಲುವಳಿಯಲ್ಲಿ 1954ರ ಜನವರಿ 29ರಂದು ಜನಿಸಿದ ರಾಣಿ ಮರಿಯಾ, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯನ್ನು ಸೇರಿ ಉತ್ತರ ಭಾರತದಲ್ಲಿ ಸೇವೆಗೆ ತೊಡಗಿದರು. ಬಿಜ್ನೋರ್ ಮತ್ತು ಸತ್ನಾ ಪ್ರದೇಶಗಳಲ್ಲಿ ದುಡಿದ ಬಳಿಕ 1992ರಲ್ಲಿ ಅವರು ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರಕ್ಕೆ ಬಂದರು. ಅಲ್ಲಿಯ ಆದಿವಾಸಿಗಳೂ ಭೂಹೀನ ಕೂಲಿಗಳೂ ಸಾಹುಕಾರರ ಸಾಲದಲ್ಲಿ ಸಿಲುಕಿದ್ದರು. ಬೀಜಕ್ಕೆಂದು ಪಡೆದ ಹಣಕ್ಕೆ ಬೆಳೆಯೇ ಬಡ್ಡಿಯಾಗಿ ಹೋದರೆ, ಬಡವನು ಮರುವರ್ಷ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಗುತ್ತದೆ. ರಾಣಿ ಮರಿಯಾ ಅವರನ್ನು ಸಂಘಟಿಸಿ, ಉಳಿತಾಯವನ್ನು ಕಲಿಸಿ, ಬ್ಯಾಂಕುಗಳಿಂದ ನ್ಯಾಯವಾದ ಸಾಲ ದೊರೆಯುವಂತೆಯೂ ಸರಕಾರದ ಯೋಜನೆಗಳು ಅವರನ್ನು ತಲುಪುವಂತೆಯೂ ಶ್ರಮಿಸಿದರು. ಇದರಿಂದ ತಮ್ಮ ಹಿಡಿತ ತಪ್ಪುವುದೆಂದು ಸ್ಥಳೀಯ ಪ್ರಬಲರು ಕೆರಳಿದರು.

1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ, ಸಹಪ್ರಯಾಣಿಕರ ಎದುರಿನಲ್ಲಿಯೇ, ಪ್ರಚೋದನೆಗೆ ಒಳಗಾಗಿದ್ದ ಸಮುಂದರ್ ಸಿಂಗ್ ಎಂಬ ಯುವಕ ಅವರನ್ನು ಇರಿದನು. ದೇಹದ ಮೇಲೆ ಐವತ್ತಕ್ಕೂ ಮಿಕ್ಕಿ ಗಾಯಗಳಾಗಿದ್ದವು. ಯೇಸುವಿನ ನಾಮವನ್ನು ಉಚ್ಚರಿಸುತ್ತ ಅವರು ರಸ್ತೆಯ ಬದಿಯಲ್ಲಿ ಪ್ರಾಣಬಿಟ್ಟರು. ಆಗ ಅವರಿಗೆ 41 ವರ್ಷ. ಸಮುಂದರ್ ಸಿಂಗನಿಗೆ ಜೀವಾವಧಿ ಶಿಕ್ಷೆಯಾಯಿತು.

ರಾಣಿ ಮರಿಯಾರ ತಂಗಿ ಸೆಲ್ಮಿ ಪೌಲ್ ಅವರೂ ಅದೇ ಸಭೆಯ ಧರ್ಮಭಗಿನಿ. ಸ್ವಾಮಿ ಸದಾನಂದ ಎಂಬ ಸಿ.ಎಂ.ಐ. ಸಭೆಯ ಗುರುಗಳು ಸೆರೆಮನೆಗೆ ಹೋಗಿ ಸಮುಂದರ್ ಸಿಂಗನನ್ನು ಕಂಡು ಮಾತನಾಡಿಸುತ್ತ ದಾರಿಯನ್ನು ಹದಗೊಳಿಸಿದ್ದರು. 2002ರ ರಕ್ಷಾಬಂಧನದ ಸಮಯದಲ್ಲಿ ಸೆಲ್ಮಿ ಪೌಲ್ ಇಂದೋರಿನ ಸೆರೆಮನೆಗೆ ಹೋಗಿ, ತಮ್ಮ ಅಕ್ಕನನ್ನು ಇರಿದ ಆ ಕೈಗೇ ರಾಖಿ ಕಟ್ಟಿದರು. ಮುಂದೆ ಅವರ ಕುಟುಂಬದವರೂ ಸಭೆಯವರೂ ಸೇರಿ ಆತನ ಬಿಡುಗಡೆಗಾಗಿ ಮನವಿ ಸಲ್ಲಿಸಿದರು. ಹನ್ನೊಂದು ವರ್ಷಗಳ ಸೆರೆವಾಸದ ಬಳಿಕ 2006ರಲ್ಲಿ ಆತ ಹೊರಬಂದನು. ಪುಲ್ಲುವಳಿಗೆ ಹೋಗಿ ರಾಣಿ ಮರಿಯಾರ ವೃದ್ಧ ತಂದೆತಾಯಿಗಳ ಮುಂದೆ ನಿಂತಾಗ ಅವರು ಆತನನ್ನು ಮಗನಂತೆ ಬರಮಾಡಿಕೊಂಡರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಪುನೀತೆಯೆಂದು ಘೋಷಿಸಲಾಯಿತು.

ರಾಖಿ ಎಂಬುದು ಸಾಲಮನ್ನಾದ ಚೀಟಿಯಲ್ಲ. ಅದನ್ನು ಕಟ್ಟಿಸಿಕೊಂಡವನು ಅಣ್ಣನಾಗುತ್ತಾನೆ, ಕಟ್ಟಿದವಳನ್ನು ಕಾಯುವ ಹೊಣೆ ಹೊರುತ್ತಾನೆ. ಕೊಲೆಗಾರನೆಂಬ ಒಂದೇ ಹೆಸರಿನಿಂದ ಕರೆಯಲ್ಪಡುತ್ತಿದ್ದವನಿಗೆ ಆ ನೂಲು ಅಣ್ಣನೆಂಬ ಹೆಸರನ್ನೂ ಕೊಟ್ಟಿತು. ಮನ್ನಿಸುವುದೆಂದರೆ ಮನ್ನಣೆ ನೀಡುವುದೆಂಬ ಕನ್ನಡದ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ದೊರಕದು.

ಕ್ಷಮೆಯಲ್ಲದ್ದು ಯಾವುದು?

ಇಂತಹ ಉದಾಹರಣೆಯನ್ನು ಕೇಳಿದೊಡನೆ, 'ಅವರು ಪುಣ್ಯವಂತರು, ನಮ್ಮಿಂದಾಗದು' ಎನ್ನುವವರೇ ಹೆಚ್ಚು. ಕ್ಷಮೆಯ ಹೆಸರಿನಲ್ಲಿ ನಾವು ಬೇರೆ ಏನನ್ನೋ ಕಲ್ಪಿಸಿಕೊಂಡಿರುವುದರಿಂದ ಹೀಗಾಗುತ್ತದೆ. ಆದುದರಿಂದ ಕ್ಷಮೆಯಲ್ಲದ್ದನ್ನು ಬೇರ್ಪಡಿಸುವುದು ಅವಶ್ಯಕ.

ಮೊದಲನೆಯದಾಗಿ, ಕ್ಷಮಿಸುವುದು ಮರೆಯುವುದಲ್ಲ. ನೆನಪು ನಮ್ಮ ಅಪ್ಪಣೆಯಂತೆ ಅಳಿಸಿಹೋಗುವ ವಸ್ತುವಲ್ಲ. ಪುಲ್ಲುವಳಿಯ ತಾಯಿ ತನ್ನ ಮಗಳನ್ನು ಮರೆತು ಆತನನ್ನು ಬರಮಾಡಿಕೊಳ್ಳಲಿಲ್ಲ. ನೆನಪು ಉಳಿಯುತ್ತದೆ, ಅದರೊಳಗಿನ ವಿಷ ಮಾತ್ರ ಇಳಿಯಬೇಕು.

ಎರಡನೆಯದಾಗಿ, ಕ್ಷಮೆಯೆಂದರೆ 'ಪರವಾಗಿಲ್ಲ ಬಿಡು' ಎಂದು ತಪ್ಪನ್ನು ಚಿಕ್ಕದು ಮಾಡುವುದಲ್ಲ. ಚಿಕ್ಕದಾಗಿದ್ದರೆ ಕ್ಷಮೆಯ ಅಗತ್ಯವೇ ಇರಲಿಲ್ಲ. ತಪ್ಪನ್ನು ತಪ್ಪೆಂದು ಹೆಸರಿಟ್ಟು ಕರೆದ ಮೇಲೆಯೇ ಅದನ್ನು ಮನ್ನಿಸಲು ಸಾಧ್ಯ.

ಮೂರನೆಯದಾಗಿ, ಕ್ಷಮೆಯು ನ್ಯಾಯವನ್ನು ರದ್ದುಮಾಡುವುದಿಲ್ಲ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರ ಮೇಲೆ ಗುಂಡು ಹಾರಿಸಿದ ಮೆಹ್ಮೆತ್ ಅಲಿ ಆಗ್ಜಾನನ್ನು ಅವರು ನಾಲ್ಕೇ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಕ್ಷಮಿಸಿದರು. 1983ರ ಡಿಸೆಂಬರ್ 27ರಂದು ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತನಾಡಿದರು. ಆದರೂ ಇಟಲಿಯ ರಾಷ್ಟ್ರಾಧ್ಯಕ್ಷರು ಅವನಿಗೆ ಕ್ಷಮಾದಾನ ನೀಡಿದ್ದು 2000ದಲ್ಲಿ. ಅಲ್ಲಿಯವರೆಗೆ ಅವನು ಸೆರೆಯಲ್ಲಿಯೇ ಇದ್ದನು. ಹೃದಯದ ಕ್ಷಮೆ ಬೇರೆ, ರಾಜ್ಯದ ನ್ಯಾಯ ಬೇರೆ. ಎರಡೂ ಒಂದೇ ಕಾಲದಲ್ಲಿ ಇರಬಲ್ಲವು.

ಇದನ್ನು ನಮ್ಮ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು. ದಿನವೂ ಹೊಡೆಯುವ ಗಂಡನ ಮನೆಗೆ ಮರಳಿ ಹೋಗೆಂದು ಹೆಣ್ಣುಮಗಳಿಗೆ ಕ್ಷಮೆಯ ಹೆಸರಿನಲ್ಲಿ ಉಪದೇಶಿಸುವುದು ಶುಭಸಂದೇಶವಲ್ಲ. ಆಕೆ ಅವನ ಮೇಲಿನ ದ್ವೇಷವನ್ನು ಬಿಡಬಹುದು, ಅವನಿಗಾಗಿ ಪ್ರಾರ್ಥಿಸಬಹುದು, ಅದೇ ವೇಳೆಗೆ ತನ್ನನ್ನೂ ಮಕ್ಕಳನ್ನೂ ರಕ್ಷಿಸಿಕೊಳ್ಳಲು ಕಾನೂನಿನ ಮೊರೆಹೋಗಬಹುದು. ಕ್ಷಮಿಸಲು ಒಬ್ಬರು ಸಾಕು, ಮತ್ತೆ ಒಂದಾಗಿ ಬಾಳಲು ಇಬ್ಬರು ಬೇಕು. ತಪ್ಪಿತಸ್ಥನು ಬದಲಾಗದೆ ಆ ಎರಡನೆಯದು ಕೂಡಿಬರುವುದಿಲ್ಲ.

ಹಾಗಾದರೆ ಏಕೆ ಕ್ಷಮಿಸಬೇಕು? ಎಷ್ಟು ಸಲವೆಂದು ಕೇಳಿದ ಪೇತ್ರನಿಗೆ ಯೇಸು ಒಂದು ಸಾಮತಿಯನ್ನು ಹೇಳಿದರು. ಒಬ್ಬ ಸೇವಕನು ಅರಸನಿಗೆ ಹತ್ತುಸಾವಿರ ತಲಾಂತು ಸಾಲ ತೀರಿಸಬೇಕಾಗಿತ್ತು. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ. ಒಂದು ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಹೀಗೆ ಲೆಕ್ಕ ಹಾಕಿದರೆ ಅದು 6 ಕೋಟಿ ದಿನಗಳ ಕೂಲಿ. ಅದನ್ನು ತೀರಿಸಲು ಒಬ್ಬನು ಒಂದು ಲಕ್ಷ ಅರುವತ್ತು ಸಾವಿರ ವರ್ಷಗಳಿಗೂ ಮಿಕ್ಕಿ ದುಡಿಯಬೇಕು. ಅಷ್ಟನ್ನೂ ಬಿಡಿಸಿಕೊಂಡು ಹೊರಬಂದವನು ನೂರು ದಿನಾರಿ ಕೊಡಬೇಕಾದ ಜೊತೆ ಸೇವಕನ ಕುತ್ತಿಗೆ ಹಿಡಿದನು. ನೂರು ದಿನಗಳ ಕೂಲಿಯೂ ಬಡವನಿಗೆ ಅಲ್ಪವಲ್ಲ. ನಮಗಾದ ನೋವು ಸುಳ್ಳೆಂದು ಯೇಸು ಹೇಳಲಿಲ್ಲ. ನಮಗೆ ಬಿಟ್ಟುಕೊಟ್ಟ ಮೊತ್ತವನ್ನು ನೆನೆದುಕೊಂಡು ನಮಗೆ ಬರಬೇಕಾದ ಮೊತ್ತವನ್ನು ನೋಡೆಂದರು.

ತನ್ನನ್ನು ಮನ್ನಿಸಿಕೊಳ್ಳಬಹುದೇ?

ಈಗ ಎರಡನೆಯ ಪ್ರಶ್ನೆಗೆ ಬರೋಣ. 'ಮೊದಲು ನಿನ್ನನ್ನು ನೀನು ಕ್ಷಮಿಸಿಕೋ' ಎಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತದೆ. ತತ್ತ್ವಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಒಂದು ತೊಡಕಿದೆ. ಸಾಲ ಮಾಡಿದವನೇ ತನ್ನ ಸಾಲವನ್ನು ತಾನೇ ಮನ್ನಾ ಮಾಡಿಕೊಳ್ಳಲು ಹೇಗೆ ಬಂದೀತು? ಯೆಹೂದಿ ಚಿಂತಕಿ ಹನ್ನಾ ಅರೆಂಟ್ ಅವರು 1958ರಲ್ಲಿ ಪ್ರಕಟಿಸಿದ ಮಾನವನ ಸ್ಥಿತಿಗತಿ ಕುರಿತ ಗ್ರಂಥದಲ್ಲಿ ಇದನ್ನು ವಿವೇಚಿಸಿದ್ದಾರೆ. ಮಾಡಿದ ಕೃತ್ಯವನ್ನು ಯಾರೂ ಹಿಂತೆಗೆದುಕೊಳ್ಳಲಾರರು. ಕ್ಷಮೆಯಿಲ್ಲದಿದ್ದರೆ ಮನುಷ್ಯನು ಒಂದೇ ಕೃತ್ಯದ ಪರಿಣಾಮಕ್ಕೆ ಜೀವಮಾನವೆಲ್ಲ ಕಟ್ಟುಬಿದ್ದಿರುತ್ತಾನೆ. ಮಾನವ ವ್ಯವಹಾರದಲ್ಲಿ ಕ್ಷಮೆಯ ಪಾತ್ರವನ್ನು ಕಂಡುಹಿಡಿದವರು ನಜರೇತಿನ ಯೇಸುವೇ ಎಂದು ಆಕೆ ಹೇಳುತ್ತಾರೆ. ಅದರೊಂದಿಗೆ, ಏಕಾಂತದಲ್ಲಿ ಯಾರೂ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರರೆಂದೂ ತೋರಿಸುತ್ತಾರೆ.

ಇಲ್ಲಿಯೂ ಕನ್ನಡವೇ ನಮಗೆ ದಾರಿ ತೋರಿಸುತ್ತದೆ. 'ಮನ್ನಿಸಿಕೊಳ್ಳು' ಎಂಬಲ್ಲಿಯ 'ಕೊಳ್ಳು' ಎಂಬುದಕ್ಕೆ ತೆಗೆದುಕೊ, ಸ್ವೀಕರಿಸು ಎಂದು ಅರ್ಥ. ತನ್ನನ್ನು ಮನ್ನಿಸಿಕೊಳ್ಳುವುದೆಂದರೆ ಕ್ಷಮೆಯನ್ನು ತಾನೇ ಸೃಷ್ಟಿಸುವುದಲ್ಲ. ದೇವರು ಕೊಟ್ಟ, ನೊಂದವರು ಕೊಟ್ಟ ಕ್ಷಮೆಯನ್ನು ಕೈಚಾಚಿ ತೆಗೆದುಕೊಳ್ಳುವುದು. ಸೆರೆಮನೆಯಲ್ಲಿ ಸಮುಂದರ್ ಸಿಂಗ್ ಮಾಡಿದ್ದೂ ಅಷ್ಟೇ. ಆತ ತನ್ನ ಕೈಯನ್ನು ಹಿಂದೆಳೆದುಕೊಳ್ಳದೆ ಮುಂದೆ ನೀಡಿದನು. ಕೊಡುವುದರಷ್ಟೇ ಕಷ್ಟದ ಕೆಲಸ ಅದು.

ಯೇಸುವಿನ ಯಾತನೆಯ ರಾತ್ರಿ ಇಬ್ಬರು ಶಿಷ್ಯರು ಬಿದ್ದರು. ಯೂದನು ಗುರುವನ್ನು ಮಾರಿದನು, ಪೇತ್ರನು ಮೂರು ಸಲ ಗುರುವನ್ನು ಅರಿಯೆನೆಂದನು. ಯೂದನಿಗೂ ಪಶ್ಚಾತ್ತಾಪವಾಯಿತೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ತಾನು ಪಾಪ ಮಾಡಿದೆನೆಂದು ಆತನು ಒಪ್ಪಿಕೊಂಡನು, ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಿರುಗಿಸಿದನು. ಆದರೆ ಕ್ಷಮಿಸಬಲ್ಲವನ ಬಳಿಗೆ ಹೋಗದೆ, ತನ್ನ ಮೊಕದ್ದಮೆಯಲ್ಲಿ ತಾನೇ ನ್ಯಾಯಾಧೀಶನಾಗಿ ತನಗೆ ತಾನೇ ಶಿಕ್ಷೆ ವಿಧಿಸಿಕೊಂಡನು. ಪೇತ್ರನು ಅತ್ತನು, ಆದರೆ ಉಳಿದ ಶಿಷ್ಯರ ಜೊತೆಯನ್ನು ಬಿಡಲಿಲ್ಲ.

ಸಂತ ಯೋವಾನ್ನರು ಒಂದು ಸೂಕ್ಷ್ಮವನ್ನು ದಾಖಲಿಸಿದ್ದಾರೆ. ಪೇತ್ರನು ಗುರುವನ್ನು ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಪಕ್ಕದಲ್ಲಿ ಚಳಿ ಕಾಯಿಸುತ್ತಿದ್ದಾಗ. ಪುನರುತ್ಥಾನದ ಬಳಿಕ ಸರೋವರದ ತೀರದಲ್ಲಿ ಯೇಸು ಅವನಿಗಾಗಿ ಮೀನು ಸುಡುತ್ತಿದ್ದದ್ದೂ ಇದ್ದಲಿನ ಬೆಂಕಿಯ ಮೇಲೆಯೇ. ಆ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಸ್ಥಳಗಳಲ್ಲಿ ಬರುತ್ತದೆ. ಬಿದ್ದ ಸ್ಥಳವನ್ನು ಹೋಲುವ ಸ್ಥಳಕ್ಕೇ ಕರೆದು, ಮೂರು ನಿರಾಕರಣೆಗಳಿಗೆ ಎದುರಾಗಿ ಮೂರು ಸಲ ಪ್ರೀತಿಯ ಪ್ರಶ್ನೆಯನ್ನು ಕೇಳಿ, ಯೇಸು ಪೇತ್ರನಿಗೆ ತಮ್ಮ ಕುರಿಗಳನ್ನು ಮೇಯಿಸುವ ಕೆಲಸ ಒಪ್ಪಿಸಿದರು. ಕ್ಷಮೆಯನ್ನು ಸ್ವೀಕರಿಸಿದನೆಂಬುದಕ್ಕೆ ಪೇತ್ರನು ಕೊಟ್ಟ ಸಾಕ್ಷಿ ಆ ಕೆಲಸವೇ ಆಯಿತು.

ತನ್ನ ಮೇಲಿನ ಕಾಠಿಣ್ಯವು ಭಕ್ತಿಯ ವೇಷ ಧರಿಸಿ ಬರುವುದೂ ಉಂಟು. ಲೊಯೋಲದ ಸಂತ ಇಗ್ನಾಸಿಯವರು 1522ರಲ್ಲಿ ಮನ್ರೇಸ ಎಂಬಲ್ಲಿ ತಪಸ್ಸಿನಲ್ಲಿದ್ದಾಗ, ಒಪ್ಪಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಒಪ್ಪಿಕೊಂಡರೂ ನೆಮ್ಮದಿ ಸಿಗದೆ, ಪ್ರಾಣವನ್ನೇ ಕಳೆದುಕೊಳ್ಳುವ ಶೋಧನೆಗೂ ಗುರಿಯಾದರು. ಆ ಪೀಡನೆ ದೇವರಿಂದ ಬಂದುದಲ್ಲವೆಂದು ಅರಿತಾಗ, ಹಳೆಯ ಪಾಪಗಳನ್ನು ಇನ್ನು ಪಾಪನಿವೇದನೆಯಲ್ಲಿ ಎತ್ತುವುದಿಲ್ಲವೆಂದು ನಿಶ್ಚಯಿಸಿ ಬಿಡುಗಡೆ ಹೊಂದಿದರು. ಗುರುವಿನ ಮೂಲಕ ದೇವರು ಪಾಪವಿಮೋಚನೆ ನೀಡಿದ ಮೇಲೂ 'ನನ್ನ ಪಾಪ ಇನ್ನೂ ಇದೆ' ಎನ್ನುವುದು ನಮ್ರತೆಯಂತೆ ಕಾಣುತ್ತದೆ. ವಾಸ್ತವವಾಗಿ ಅದು ದೇವರ ತೀರ್ಪಿಗಿಂತ ನಮ್ಮ ತೀರ್ಪೇ ದೊಡ್ಡದೆಂದು ಸಾಧಿಸಿದಂತೆ. ಇನ್ನು ಆ ಕೊರಗು ನಿದ್ರೆ ಆಹಾರಗಳನ್ನು ಕಸಿದುಕೊಳ್ಳುವಷ್ಟು ಬೆಳೆದಿದ್ದರೆ, ಗುರುಗಳ ಬಳಿಗೆ ಹೋಗುವಂತೆಯೇ ವೈದ್ಯರ ಬಳಿಗೂ ಹೋಗಬೇಕು. ಅದು ವಿಶ್ವಾಸದ ಕೊರತೆಯಲ್ಲ.

ಮತ್ತೊಂದು ವಿವೇಕವೂ ಅಗತ್ಯ. ತಂದೆಯ ಕೊನೆಗಾಲಕ್ಕೆ ತಲುಪಲಾರದ ಮಗನಿಗಾಗಲಿ, ಕೂಸನ್ನು ಕಳೆದುಕೊಂಡ ತಾಯಿಗಾಗಲಿ ಇರುವುದು ದುಃಖ, ಪಾಪವಲ್ಲ. ದುಃಖಕ್ಕೆ ಬೇಕಾದುದು ಕ್ಷಮೆಯಲ್ಲ, ಸಾಂತ್ವನ. ತಿಳಿದೂ ಬೇಕೆಂದೂ ಮಾಡದ ಕೃತ್ಯವು ಪಾಪವಾಗದೆಂಬುದು ಧರ್ಮಸಭೆಯ ಬೋಧನೆ. ಇಂಥವರಿಗೆ ಅದನ್ನು ಪ್ರೀತಿಯಿಂದ, ಮತ್ತೆ ಮತ್ತೆ, ಮನೆಯವರೇ ಹೇಳಬೇಕು.

ನೆರೆಯವರಿಂದ ಒಂದು ಪಾಠ

ನಮ್ಮ ನಾಡಿನ ಜೈನ ಬಂಧುಗಳು ಪ್ರತಿವರ್ಷ ಕ್ಷಮಾವಣಿಯ ದಿನ ಒಬ್ಬರನ್ನೊಬ್ಬರು ಕಂಡು ಕ್ಷಮೆ ಕೋರುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಶ್ರವಣಬೆಳಗೊಳದಲ್ಲಿ ನಿಂತಿರುವ ಬಾಹುಬಲಿಯ ಕಥೆಯೂ ಅಣ್ಣತಮ್ಮಂದಿರ ರಾಜ್ಯದ ಪಾಲಿನ ಕಥೆಯೇ ಅಲ್ಲವೇ? ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟುಕೊಟ್ಟು ತಪಸ್ಸಿಗೆ ನಿಂತ ಬಾಹುಬಲಿಗೆ, ವರ್ಷ ಕಳೆದರೂ ಕೇವಲಜ್ಞಾನ ದೊರೆಯಲಿಲ್ಲ. ತನ್ನಿಂದ ಭರತನಿಗೆ ನೋವಾಯಿತೆಂಬ ಒಂದು ಮುಳ್ಳು ಅವನ ಮನಸ್ಸಿನೊಳಗೆ ಉಳಿದಿತ್ತೆಂದು ಜೈನ ಪುರಾಣದ ಒಂದು ನಿರೂಪಣೆ ಹೇಳುತ್ತದೆ. ಭರತನೇ ಬಂದು ಅವನ ಪಾದಕ್ಕೆ ನಮಿಸಿದಾಗ ಆ ಮುಳ್ಳು ಹೊರಬಂದಿತು. ಅಣ್ಣನನ್ನು ಮನ್ನಿಸಿದವನಿಗೂ ತನ್ನನ್ನು ಮನ್ನಿಸಿಕೊಳ್ಳಲು ಅಣ್ಣನೇ ಬರಬೇಕಾಯಿತು. ಕ್ಷಮೆ ಇನ್ನೊಬ್ಬರ ಕೈಯಿಂದ ಬರುವುದೆಂಬ ಸತ್ಯವನ್ನು ನೆರೆಯವರ ಪುರಾಣವೂ ನಮಗೆ ನೆನಪಿಸುತ್ತದೆ.

ಮನೆಯಲ್ಲಿ ಆರಂಭಿಸೋಣ

ಕ್ಷಮೆ ಭಾವನೆಯಿಂದ ಆರಂಭವಾಗಬೇಕೆಂದು ಕಾಯುತ್ತ ಕುಳಿತರೆ ಆಯುಸ್ಸು ಮುಗಿದೀತು. ಅದು ನಿರ್ಧಾರದಿಂದ ಆರಂಭವಾಗುತ್ತದೆ. ಭಾವನೆ ನಿಧಾನವಾಗಿ ಹಿಂಬಾಲಿಸುತ್ತದೆ. ಮೊದಲು, ನಮ್ಮನ್ನು ನೋಯಿಸಿದವರ ಹೆಸರನ್ನು ಹೇಳಿ ದಿನಕ್ಕೊಂದು ಪ್ರಾರ್ಥನೆ ಮಾಡೋಣ. ಅವರ ತಪ್ಪಿನ ಕಥೆಯನ್ನು ಮಕ್ಕಳ ಮುಂದೆ ಮತ್ತೆ ಹೇಳುವುದನ್ನು ನಿಲ್ಲಿಸೋಣ. ಹಗೆಯು ಅನೇಕ ಮನೆಗಳಲ್ಲಿ ಆಸ್ತಿಗಿಂತ ಮೊದಲೇ ಮಕ್ಕಳಿಗೆ ಪಾಲಾಗಿ ಬರುತ್ತದೆ. ಮಾತು ನಿಂತುಹೋದಲ್ಲಿ ಹಬ್ಬಕ್ಕೊಂದು ಬುತ್ತಿ ಕಳುಹಿಸಬಹುದು, ಕಾಯಿಲೆಯಾದಾಗ ನೋಡಲು ಹೋಗಬಹುದು. ಅವರು ಬಾಗಿಲು ತೆರೆಯದಿದ್ದರೂ ನಾವು ಹೋದ ಹೆಜ್ಜೆ ವ್ಯರ್ಥವಲ್ಲ. ತೀರಿಹೋದವರನ್ನು ಮನ್ನಿಸುವುದೂ ಬಾಕಿಯಿದ್ದೀತು; ಅವರ ಹೆಸರಿನಲ್ಲಿ ಒಂದು ಬಲಿಪೂಜೆಯನ್ನು ಮಾಡಿಸಿ, ಲೆಕ್ಕದ ಪುಸ್ತಕವನ್ನು ಪೂಜಾಪೀಠದ ಮೇಲಿಡೋಣ.

ತಮ್ಮ ಮೇಲೆಯೇ ಮುನಿದವರು ಒಮ್ಮೆ ಪ್ರಾಮಾಣಿಕವಾಗಿ ಪಾಪನಿವೇದನೆ ಮಾಡಿ, ಸರಿಪಡಿಸಬಹುದಾದುದನ್ನು ಸರಿಪಡಿಸಲಿ. ವಂಚಿಸಿದ ಹಣವಿದ್ದರೆ ಹಿಂದಿರುಗಿಸಲಿ, ನೊಂದವರು ಬದುಕಿದ್ದರೆ ಹೋಗಿ ಕ್ಷಮೆ ಕೇಳಲಿ. ಆ ಮೇಲೆ ಗುರುಗಳು ಹೇಳಿದ ವಿಮೋಚನೆಯ ಮಾತನ್ನು ದೇವರ ಮಾತೆಂದು ನಂಬಲಿ. ಕುಡಿತ ಬಿಟ್ಟ ಗಂಡನು ಹೆಂಡತಿಯ ಮುಖವನ್ನು ನೋಡಲಿ. ಇಪ್ಪತ್ತು ವರ್ಷಗಳಿಂದ ಅವನಿಗೆ ಅನ್ನ ಬಡಿಸುತ್ತಿರುವ ಆಕೆ ಎಂದೋ ಮನ್ನಿಸಿದ್ದಾಳೆ. ಅದನ್ನು ಅವನು ತೆಗೆದುಕೊಳ್ಳುವುದಷ್ಟೇ ಬಾಕಿ.

ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಸಮಾಧಾನವನ್ನು ಹಂಚಿಕೊಳ್ಳುವ ಸಮಯ ಬಂದಾಗ, ಪಕ್ಕದಲ್ಲಿರುವ ಪ್ರಿಯರ ಕಡೆಗಷ್ಟೇ ತಿರುಗದೆ, ಎದುರು ಸಾಲಿನಲ್ಲಿ ನಿಂತಿರುವ ಅಣ್ಣನ ಕಡೆಗೂ ಒಮ್ಮೆ ಕೈಮುಗಿಯೋಣ. ಆತ ಕೈಮುಗಿದಾಗ ನಾವು ಮುಖ ತಿರುಗಿಸದಿರೋಣ. ಕ್ಷಮೆಯನ್ನು ಕೊಡುವ ಮತ್ತು ತೆಗೆದುಕೊಳ್ಳುವ ಕೃಪೆಯನ್ನು ದೇವರು ನಮ್ಮ ಕುಟುಂಬಗಳಿಗೆಲ್ಲ ದಯಪಾಲಿಸಲಿ.